ಮೂರನೇ ಗೆಲುವು ಕಾಣದ ಹರ್ಬರ್ಟ್ ಚಾಪ್‌ಮನ್

ಹೊನಲು ಬೆಳಕಿನ ಫುಟ್ಬಾಲ್ ಪಂದ್ಯವನ್ನು ಟಿ.ವಿ.ಯಲ್ಲಿ ನೋಡುವಾಗ ಆಟಗಾರರ ಬೆನ್ನಿನ ಸಂಖ್ಯೆ, ಬಿಳಿ ಚೆಂಡು ಇವೆಲ್ಲ ಮೊದಲಿನಿಂದಲೂ ಇದ್ದವೆಂದೇ ನಮಗೆ ಅನಿಸುತ್ತದೆ. ಆದರೆ ಇವೆಲ್ಲ ಬೇಕೆಂದು ಸುಮಾರು ತೊಂಬತ್ತು ವರ್ಷಗಳ ಹಿಂದೆಯೇ ಹಟ ಹಿಡಿದವರೊಬ್ಬರು ಇಂಗ್ಲೆಂಡಿನಲ್ಲಿದ್ದರು. ಅವರೇ ಹರ್ಬರ್ಟ್ ಚಾಪ್‌ಮನ್. ಅವರು ಕಟ್ಟಿದ ಎರಡು ತಂಡಗಳು ಸತತ ಮೂರು ವರ್ಷ ಇಂಗ್ಲಿಷ್ ಲೀಗ್ ಗೆದ್ದವು. ಎರಡು ಸಲವೂ ಮೂರನೇ ಗೆಲುವಿನ ಹೊತ್ತಿಗೆ ಅವರು ಅಲ್ಲಿರಲಿಲ್ಲ.

ಚಾಪ್‌ಮನ್ ಹುಟ್ಟಿದ್ದು 1878ರ ಜನವರಿ 19ರಂದು, ಯಾರ್ಕ್‌ಷೈರ್‌ನ ಕಿವಿಟನ್ ಪಾರ್ಕ್ ಎಂಬ ಗಣಿ ಊರಿನಲ್ಲಿ. ತಂದೆ ಕಲ್ಲಿದ್ದಲು ಗಣಿ ಕಾರ್ಮಿಕ. ಮಗ ಶೆಫೀಲ್ಡ್‌ನಲ್ಲಿ ಗಣಿ ಎಂಜಿನಿಯರಿಂಗ್ ಓದಿದರು. ಕೆಲಸದ ಜೊತೆಗೆ ಆಟ ಎಂದು ಊರಿಂದೂರಿಗೆ ಅಲೆದರು. ರಾಕ್‌ಡೇಲ್, ಗ್ರಿಮ್ಸ್‌ಬಿ, ಸ್ವಿಂಡನ್, ಶೆಫೀಲ್ಡ್ ಯುನೈಟೆಡ್, ನಾಟ್ಸ್ ಕೌಂಟಿ, ಟಾಟನ್‌ಹ್ಯಾಮ್ ಹೀಗೆ ಕ್ಲಬ್‌ಗಳ ಪಟ್ಟಿ ಉದ್ದವಾಯಿತೇ ಹೊರತು ಹೆಸರು ದೊಡ್ಡದಾಗಲಿಲ್ಲ. ತಮ್ಮ ಹ್ಯಾರಿ, ಶೆಫೀಲ್ಡ್ ವೆಡ್ನೆಸ್‌ಡೇ ಪರ ಎರಡು ಸಲ ಲೀಗ್ ಗೆದ್ದ ನಿಜವಾದ ತಾರೆ. ಅಣ್ಣನನ್ನು ಜನ ನೆನಪಿಟ್ಟುಕೊಂಡದ್ದು ಅವರ ಹಳದಿ ಬೂಟುಗಳಿಗಾಗಿ.

1907ರಲ್ಲಿ ಆಟ ಬಿಡುವ ಯೋಚನೆಯಲ್ಲಿದ್ದಾಗ ಅದೃಷ್ಟ ಬೇರೊಬ್ಬರ ಕೈಯಿಂದ ಬಂತು. ನಾರ್ತಾಂಪ್ಟನ್ ಟೌನ್ ಕ್ಲಬ್ಬಿನ ಮ್ಯಾನೇಜರ್ ಹುದ್ದೆ ಟಾಟನ್‌ಹ್ಯಾಮ್‌ನ ಸಹ ಆಟಗಾರ ವಾಲ್ಟರ್ ಬುಲ್ ಅವರಿಗೆ ದೊರೆತಿತ್ತು. ಬುಲ್ ಮನಸ್ಸು ಬದಲಿಸಿ ಚಾಪ್‌ಮನ್ ಹೆಸರು ಸೂಚಿಸಿದರು. ಸದರ್ನ್ ಲೀಗ್‌ನ ತಳದಲ್ಲಿದ್ದ ಆ ತಂಡವನ್ನು ಚಾಪ್‌ಮನ್ ಎರಡೇ ವರ್ಷಗಳಲ್ಲಿ, 1909ರಲ್ಲಿ, ಚಾಂಪಿಯನ್ ಮಾಡಿದರು. ಮ್ಯಾನೇಜರ್ ಎಂದರೆ ಲೆಕ್ಕಪತ್ರ ನೋಡುವ ಕಾರ್ಯದರ್ಶಿ ಎಂದಷ್ಟೇ ತಿಳಿದಿದ್ದ ಕಾಲವದು. ತಂಡವನ್ನು ಆರಿಸುವುದು ನಿರ್ದೇಶಕರ ಕೆಲಸವಾಗಿತ್ತು. ಪಂದ್ಯಕ್ಕೆ ಮೊದಲು ಆಟಗಾರರನ್ನು ಕೂರಿಸಿಕೊಂಡು ಯೋಜನೆ ಹಾಕುವ ಮ್ಯಾನೇಜರ್ ಹೊಸಬರೇ ಸರಿ.

1912ರಲ್ಲಿ ಲೀಡ್ಸ್ ಸಿಟಿ ಅವರನ್ನು ಕರೆಯಿತು. ತಂಡ ಮೇಲೇರುತ್ತಿದ್ದಂತೆ ಮೊದಲ ಮಹಾಯುದ್ಧ ಬಂತು. ಚಾಪ್‌ಮನ್ ಬಾರ್ನ್‌ಬೋ ಮದ್ದುಗುಂಡು ಕಾರ್ಖಾನೆಯಲ್ಲಿ ಮೇಲ್ವಿಚಾರಣೆಯ ಕೆಲಸಕ್ಕೆ ಹೋದರು. ಯುದ್ಧಕಾಲದಲ್ಲಿ ಅತಿಥಿ ಆಟಗಾರರಿಗೆ ಗುಟ್ಟಾಗಿ ಹಣ ಕೊಟ್ಟ ಆರೋಪ ಕ್ಲಬ್ ಮೇಲೆ ಬಂದಾಗ, ಲೆಕ್ಕದ ಪುಸ್ತಕ ತೋರಿಸಲು ಅದು ಒಪ್ಪಲಿಲ್ಲ. 1919ರ ಅಕ್ಟೋಬರ್‌ನಲ್ಲಿ ಲೀಡ್ಸ್ ಸಿಟಿಯನ್ನು ಲೀಗ್‌ನಿಂದ ಹೊರಹಾಕಲಾಯಿತು. ಆಟಗಾರರನ್ನು ಹೋಟೆಲೊಂದರಲ್ಲಿ ಹರಾಜು ಹಾಕಲಾಯಿತು. ಅದಕ್ಕೆ ಮೊದಲೇ ರಾಜೀನಾಮೆ ಕೊಟ್ಟಿದ್ದ ಚಾಪ್‌ಮನ್‌ಗೂ ಫುಟ್ಬಾಲ್‌ನಿಂದ ನಿಷೇಧ. ಪುಸ್ತಕ ತೆರೆಯದೇ ಹೋದುದರಿಂದ ಅವರಿಗೆ ಎಷ್ಟು ಗೊತ್ತಿತ್ತು ಎಂಬುದು ಇತ್ಯರ್ಥವಾಗಲೇ ಇಲ್ಲ.

ಸೆಲ್ಬಿ ಎಂಬಲ್ಲಿ ಎಣ್ಣೆ ಮತ್ತು ಹಿಂಡಿ ತಯಾರಿಸುವ ಕಾರ್ಖಾನೆಯಲ್ಲಿದ್ದ ಕೆಲಸವೂ ಸ್ವಲ್ಪ ಕಾಲದಲ್ಲೇ ಹೋಯಿತು. ನಲವತ್ತು ದಾಟಿದ ವಯಸ್ಸು, ಕೈಯಲ್ಲಿ ಉದ್ಯೋಗವಿಲ್ಲ, ಹೆಸರಿಗೆ ಕಳಂಕ. ಆಗ ಕೈಹಿಡಿದದ್ದು ಹಡರ್ಸ್‌ಫೀಲ್ಡ್ ಟೌನ್. ಹಣ ಸಂದಾಯವಾಯಿತೆನ್ನುವ ಕಾಲದಲ್ಲಿ ಅವರು ಕಾರ್ಖಾನೆಯಲ್ಲಿದ್ದರು ಎಂಬ ವಾದ ಗೆದ್ದು ನಿಷೇಧ ರದ್ದಾಯಿತು. 1921ರಲ್ಲಿ ಅವರು ಮತ್ತೆ ಮ್ಯಾನೇಜರ್ ಆದರು.

ಹಡರ್ಸ್‌ಫೀಲ್ಡ್ ರಗ್ಬಿಗೆ ಹೆಸರಾದ ಊರು. ಅಲ್ಲಿ ಚಾಪ್‌ಮನ್ 1922ರಲ್ಲಿ ಎಫ್.ಎ. ಕಪ್ ಗೆದ್ದರು. 1924ರಲ್ಲಿ ಕಾರ್ಡಿಫ್ ಸಿಟಿಯೊಂದಿಗೆ ಅಂಕ ಸಮವಾಗಿ, ಗೋಲು ಸರಾಸರಿಯ ಕೂದಲೆಳೆಯ ಅಂತರದಲ್ಲಿ ಲೀಗ್ ಗೆದ್ದರು. ಕೊನೆಯ ದಿನ ಕಾರ್ಡಿಫ್ ಒಂದು ಪೆನಾಲ್ಟಿ ಕಳೆದುಕೊಂಡಿತ್ತು ಎಂಬುದನ್ನೂ ಹೇಳಬೇಕು. 1925ರಲ್ಲಿ ಮತ್ತೆ ಲೀಗ್. ಮೂರನೆಯದು ಕಣ್ಣೆದುರಿಗಿತ್ತು. ಅಷ್ಟರಲ್ಲಿ ಲಂಡನ್ನಿನ ಆರ್ಸೆನಲ್ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತು. ವರ್ಷಕ್ಕೆ 2,000 ಪೌಂಡ್ ಸಂಬಳ. ಚಾಪ್‌ಮನ್ ಹೊರಟರು. ಮರುವರ್ಷ ಹಡರ್ಸ್‌ಫೀಲ್ಡ್ ಅವರಿಲ್ಲದೆಯೇ ಮೂರನೇ ಸಲ ಗೆದ್ದಿತು. ಎರಡನೇ ಸ್ಥಾನದಲ್ಲಿ ನಿಂತು ನೋಡಿದ್ದು ಅವರದೇ ಆರ್ಸೆನಲ್!

ಆವರೆಗೆ ಆರ್ಸೆನಲ್ ಒಂದೂ ದೊಡ್ಡ ಪ್ರಶಸ್ತಿ ಗೆದ್ದಿರಲಿಲ್ಲ. ಅದೇ 1925ರಲ್ಲಿ ಆಫ್‌ಸೈಡ್ ನಿಯಮ ಬದಲಾಯಿತು. ಮುನ್ನುಗ್ಗುವ ಆಟಗಾರನ ಎದುರು ಮೂವರ ಬದಲು ಇಬ್ಬರು ಎದುರಾಳಿಗಳಿದ್ದರೆ ಸಾಕೆಂದಾಯಿತು. ಗೋಲುಗಳ ಮಳೆ ಸುರಿಯಿತು. ಅಕ್ಟೋಬರ್‌ನಲ್ಲಿ ನ್ಯೂಕ್ಯಾಸಲ್ ಆರ್ಸೆನಲ್‌ಗೆ ಏಳು ಗೋಲು ಹೊಡೆಯಿತು. ನಡುವೆ ಆಡುವ ಸೆಂಟರ್ ಹಾಫ್ ಹಿಂದಕ್ಕೆ ಸರಿದು ಮೂರನೇ ರಕ್ಷಕನಾಗಬೇಕು ಎಂದು ಹಿರಿಯ ಆಟಗಾರ ಚಾರ್ಲಿ ಬಕನ್ ಒತ್ತಾಯಿಸಿದರು. ಚಾಪ್‌ಮನ್ ಒಪ್ಪಿದರು. ಎರಡೇ ದಿನಗಳಲ್ಲಿ ವೆಸ್ಟ್ ಹ್ಯಾಮ್ ವಿರುದ್ಧ 4-0 ಜಯ. ಯೋಚನೆ ಬಕನ್ ಅವರದ್ದಾದರೂ ಅದನ್ನು ವರ್ಷಗಟ್ಟಲೆ ತಿದ್ದಿ ಒಂದು ಪದ್ಧತಿಯನ್ನಾಗಿ ಬೆಳೆಸಿದವರು ಚಾಪ್‌ಮನ್. ಮೈದಾನದಲ್ಲಿ ಆಟಗಾರರು ನಿಲ್ಲುವ ಆಕಾರದಿಂದ ಅದಕ್ಕೆ ಡಬ್ಲ್ಯುಎಂ ಎಂಬ ಹೆಸರು ಬಂತು. ಅನೇಕ ದೇಶಗಳು ಅದನ್ನು ಅನುಸರಿಸಿದವು.

ಆರ್ಸೆನಲ್ ಗೆಲ್ಲಲು ಐದು ವರ್ಷ ಬೇಕೆಂದು ಅವರು ಮೊದಲೇ ತಿಳಿಸಿದ್ದರು. ಆ ಅವಧಿಯಲ್ಲಿ ಜನ ಸೇರಿಸಿದರು. 1928ರಲ್ಲಿ ಬೋಲ್ಟನ್‌ನಿಂದ ಡೇವಿಡ್ ಜಾಕ್ ಅವರನ್ನು 10,890 ಪೌಂಡ್‌ಗೆ ಕೊಂಡರು. ಆಗ ಅದು ದಾಖಲೆ ಮೊತ್ತ. ಬೋಲ್ಟನ್‌ನವರಿಗೆ ಮದ್ಯ ಸಮೃದ್ಧವಾಗಿ ಸರಬರಾಜಾಗುವಂತೆ, ತಮ್ಮ ಲೋಟದಲ್ಲಿ ಮಾತ್ರ ಮದ್ಯವೇ ಇರದಂತೆ ಹೋಟೆಲಿನ ಪರಿಚಾರಕನಿಗೆ ಮೊದಲೇ ತಾಕೀತು ಮಾಡಿ ಚಾಪ್‌ಮನ್ ಬೆಲೆ ಇಳಿಸಿದ ಕತೆಯನ್ನು ಅವರ ಸಹಾಯಕ ಬಾಬ್ ವಾಲ್ ಮುಂದೆ ಹೇಳುತ್ತಿದ್ದರು. ಅಲೆಕ್ಸ್ ಜೇಮ್ಸ್, ಕ್ಲಿಫ್ ಬ್ಯಾಸ್ಟಿನ್ ಕೂಡ ಬಂದರು. ಗಾಯದಿಂದ ಆಟ ನಿಂತುಹೋಗಿದ್ದ ಟಾಮ್ ವಿಟೇಕರ್ ಅವರನ್ನು ತರಬೇತುದಾರನನ್ನಾಗಿ ಮಾಡಿದರು.

ಸರಿಯಾಗಿ ಐದನೇ ವರ್ಷ, 1930ರ ಏಪ್ರಿಲ್‌ನಲ್ಲಿ, ವೆಂಬ್ಲಿಯಲ್ಲಿ ಎಫ್.ಎ. ಕಪ್ ಫೈನಲ್. ಎದುರಾಳಿ ಹಡರ್ಸ್‌ಫೀಲ್ಡ್. ಚಾಪ್‌ಮನ್ ಅವರ ಗೌರವಾರ್ಥ ಎರಡೂ ತಂಡಗಳು ಜೊತೆಜೊತೆಯಾಗಿ ಮೈದಾನಕ್ಕಿಳಿದವು. ಆರ್ಸೆನಲ್ 2-0ಯಿಂದ ಗೆದ್ದಿತು. 1931ರಲ್ಲಿ 127 ಗೋಲು ಹೊಡೆದು ಲೀಗ್ ಗೆದ್ದಿತು. ದಕ್ಷಿಣ ಇಂಗ್ಲೆಂಡಿನ ಕ್ಲಬ್ ಒಂದಕ್ಕೆ ಆ ಪಟ್ಟ ಸಿಕ್ಕಿದ್ದು ಅದೇ ಮೊದಲು.

ತಪ್ಪುಗಳೂ ನಡೆದವು. 1933ರ ಜನವರಿಯಲ್ಲಿ ಕೆಳದರ್ಜೆಯ ವಾಲ್ಸಾಲ್ ತಂಡದೆದುರು ಅನುಭವವಿಲ್ಲದ ಹುಡುಗರನ್ನು ಇಳಿಸಿ 0-2ರಿಂದ ಸೋತರು. ಪೆನಾಲ್ಟಿಗೆ ಕಾರಣನಾದ ಆಟಗಾರನನ್ನು ಬೇಗನೆ ಮಾರಿಬಿಟ್ಟರು. ತಂಡ ಆರಿಸಿದ್ದು ತಾವೇ ಆದರೂ ಶಿಕ್ಷೆ ಹುಡುಗನಿಗಾಯಿತು. ಆದರೆ ಆ ವರ್ಷವೂ ಲೀಗ್ ಆರ್ಸೆನಲ್‌ನದೇ.

ಮೈದಾನದ ಹೊರಗೂ ಅವರು ಸುಮ್ಮನಿರಲಿಲ್ಲ. 1932ರಲ್ಲಿ ಗಿಲೆಸ್ಪಿ ರೋಡ್ ಸುರಂಗ ರೈಲು ನಿಲ್ದಾಣಕ್ಕೆ ಆರ್ಸೆನಲ್ ಎಂದೇ ಹೆಸರಿಡಿಸಿದರು. 1928ರಲ್ಲೇ ಬೆನ್ನಿಗೆ ಸಂಖ್ಯೆ ಹಾಕಿಸಿ ಆಡಿಸಿದ್ದರು, ಲೀಗ್ ಬೇಡವೆಂದಿತು. ಬೆಲ್ಜಿಯಂನಲ್ಲಿ ರಾತ್ರಿ ಪಂದ್ಯ ನೋಡಿ ಬಂದು ಹೈಬರಿ ಮೈದಾನಕ್ಕೆ ದೀಪ ಹಾಕಿಸಿದರು, ಅಧಿಕೃತ ಪಂದ್ಯಕ್ಕೆ ಅನುಮತಿ ಸಿಗಲಿಲ್ಲ. ನಲವತ್ತೈದು ನಿಮಿಷದ ಗಡಿಯಾರ ಇಟ್ಟರು, ಅದಕ್ಕೂ ಆಕ್ಷೇಪ ಬಂದು ಮಾಮೂಲಿ ಗಡಿಯಾರ ಬಂತು. ಸಂಖ್ಯೆಗೆ 1939ರಲ್ಲಿ ಒಪ್ಪಿಗೆ ಸಿಕ್ಕಿತು. ಲೀಗ್ ಪಂದ್ಯ ದೀಪದಡಿ ನಡೆದದ್ದು 1956ರಲ್ಲಿ.

1934ರ ಹೊಸ ವರ್ಷದ ದಿನ ಅವರು ಬರಿಯಲ್ಲಿ ಪಂದ್ಯ ನೋಡಿದರು, ಮರುದಿನ ಶೆಫೀಲ್ಡ್‌ನಲ್ಲಿ. ಶೀತ ಹಿಡಿದಿತ್ತು. ವೈದ್ಯರ ಮಾತು ಮೀರಿ ಗಿಲ್ಡ್‌ಫೋರ್ಡ್‌ಗೆ ಹೋಗಿ ತಮ್ಮ ಮೂರನೇ ದರ್ಜೆಯ ತಂಡದ ಆಟವನ್ನೂ ನೋಡಿದರು. ಶೀತ ನ್ಯುಮೋನಿಯಾಕ್ಕೆ ತಿರುಗಿತು. ಜನವರಿ 6ರ ನಸುಕಿನಲ್ಲಿ, ಇನ್ನೂ ಐವತ್ತಾರು ತುಂಬುವ ಮೊದಲೇ, ತೀರಿಕೊಂಡರು. ಅಂದು ಮಧ್ಯಾಹ್ನ ಹೈಬರಿಯಲ್ಲಿ ಪಂದ್ಯವಿತ್ತು. ಮೈದಾನಕ್ಕೆ ಬರುತ್ತಿದ್ದ ಅನೇಕರಿಗೆ ಸುದ್ದಿ ತಿಳಿದದ್ದೇ ಪತ್ರಿಕೆ ಮಾರುವವರ ಕೂಗಿನಿಂದ. ಆಟ 1-1ರಲ್ಲಿ ಮುಗಿಯಿತು.

ಆ ವರ್ಷ ಆರ್ಸೆನಲ್ ಎರಡನೇ ಸಲ ಸತತವಾಗಿ ಲೀಗ್ ಗೆದ್ದಿತು, 1935ರಲ್ಲಿ ಮೂರನೇ ಸಲ. ಗಾಯಾಳುವಾಗಿ ಮೂಲೆ ಸೇರಬೇಕಿದ್ದ ವಿಟೇಕರ್ 1947ರಲ್ಲಿ ಅದೇ ಕ್ಲಬ್ಬಿನ ಮ್ಯಾನೇಜರ್ ಆಗಿ ಎರಡು ಲೀಗ್, ಒಂದು ಕಪ್ ಗೆದ್ದರು. ನಿಷೇಧಕ್ಕೊಳಗಾಗಿ ಮನೆಯಲ್ಲಿ ಕುಳಿತಿದ್ದವರನ್ನು ಹಡರ್ಸ್‌ಫೀಲ್ಡ್ ಒಮ್ಮೆ ನಂಬಿತ್ತು. ಆ ನಂಬಿಕೆಯ ಫಲವನ್ನು ಎರಡು ಊರುಗಳು ಉಂಡವು. ಲಂಡನ್ನಿನ ಎಮಿರೇಟ್ಸ್ ಕ್ರೀಡಾಂಗಣದ ಹೊರಗೆ 2011ರಲ್ಲಿ ಚಾಪ್‌ಮನ್ ಅವರ ಪ್ರತಿಮೆ ನಿಲ್ಲಿಸಲಾಯಿತು. ಕೈಗಳನ್ನು ಹಿಂದೆ ಕಟ್ಟಿಕೊಂಡು ಅವರು ಆ ಕ್ರೀಡಾಂಗಣವನ್ನೇ ನೋಡುತ್ತಿದ್ದಾರೆ.