ಬ್ರೇಕಿಗೆ ಚರ್ಮ ಹೊಡೆಸಿದ ಬರ್ತಾ ಬೆಂಜ್

ಗ್ಯಾರೇಜಿನಲ್ಲಿ ಕಾರಿನ ಹಿಂದಿನ ಚಕ್ರ ಬಿಚ್ಚಿ ಕೆಲಸ ಮಾಡುವುದನ್ನು ನೀವು ನೋಡಿರಬಹುದು. ಡಿಸ್ಕ್ ಬ್ರೇಕ್ ಇರುವ ಕಾರಾದರೆ ಒಳಗೆ ಹೊಳೆಯುವ ಒಂದು ಕಬ್ಬಿಣದ ತಟ್ಟೆ ಕಾಣುತ್ತದೆ. ಚಕ್ರದ ಜೊತೆ ಅದೂ ತಿರುಗುತ್ತದೆ. ಚಾಲಕ ಬ್ರೇಕ್ ತುಳಿದಾಗ ಎರಡು ಪ್ಯಾಡ್‌ಗಳು ಆ ತಟ್ಟೆಯನ್ನು ಎರಡೂ ಮಗ್ಗುಲಿನಿಂದ ಅದುಮಿ ಹಿಡಿಯುತ್ತವೆ. ಘರ್ಷಣೆಯಿಂದ ವೇಗ ತಗ್ಗುತ್ತದೆ, ತಟ್ಟೆ ಬಿಸಿಯಾಗುತ್ತದೆ. ಪ್ಯಾಡಿನ ಮೇಲಿನ ಪದರ ದಿನೇ ದಿನೇ ಸವೆಯುತ್ತದೆ. ಅದು ಪೂರ್ತಿ ಮುಗಿಯುವ ಮೊದಲೇ ಹೊಸ ಪ್ಯಾಡ್ ಹಾಕಬೇಕು. ಎಡ ಬಲ ಎರಡೂ ಚಕ್ರಗಳಿಗೆ ಒಟ್ಟಿಗೆ ಹಾಕುತ್ತಾರೆ. ಇಲ್ಲವಾದರೆ ಬ್ರೇಕ್ ಹಿಡಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯಬಹುದು.

ಕಾರಿನ ಬ್ರೇಕಿಗೆ ಹೀಗೆ ಸವೆಯುವ ಪದರ ಹಾಕಿಸುವ ಉಪಾಯ ಮೊದಲು ಹೊಳೆದದ್ದು ಯಾರಿಗೆ ಗೊತ್ತೆ? ಇಬ್ಬರು ಮಕ್ಕಳನ್ನು ಕರೆದುಕೊಂಡು ತವರಿಗೆ ಹೊರಟಿದ್ದ ಒಬ್ಬ ತಾಯಿಗೆ!

ಆಕೆಯ ಹೆಸರು ಬರ್ತಾ. ಜರ್ಮನಿಯ ಫೋರ್ಟ್ಸ್‌ಹೈಮ್ ಎಂಬ ಊರಿನಲ್ಲಿ 1849ರ ಮೇ 3ರಂದು ಹುಟ್ಟಿದರು. ತಂದೆ ಮನೆ ಕಟ್ಟಿಸುವ ಕೆಲಸದಲ್ಲಿದ್ದ ಸ್ಥಿತಿವಂತರು. ಕಾರ್ಲ್ ಬೆಂಜ್ ಎಂಬ ಎಂಜಿನಿಯರ್ ಯುವಕನೊಂದಿಗೆ ಆಕೆಯ ಮದುವೆ ನಿಶ್ಚಯವಾಯಿತು. ಕಾರ್ಲ್‌ನ ತಲೆಯ ತುಂಬ ಕನಸು, ಜೇಬು ಮಾತ್ರ ಖಾಲಿ. ಅವನ ಕಾರ್ಖಾನೆ ಮುಳುಗುವ ಹಂತಕ್ಕೆ ಬಂದಾಗ ಬರ್ತಾ ತನ್ನ ಮದುವೆಗೆಂದು ಇಟ್ಟಿದ್ದ ಹಣವನ್ನು ಮದುವೆಗೆ ಮೊದಲೇ ಅದಕ್ಕೆ ಹಾಕಿದರು. 1872ರಲ್ಲಿ ಮದುವೆಯಾಯಿತು. ಮುಂದಿನ ವರ್ಷಗಳು ಬಹಳ ಕಷ್ಟದವು.

1886ರಲ್ಲಿ ಕಾರ್ಲ್ ತನ್ನ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಪಡೆದ. ಕುದುರೆ ಇಲ್ಲದೆ ಓಡುವ ಗಾಡಿ! ಆದರೆ ಕೊಳ್ಳುವವರು ಬೇಕಲ್ಲ? ಗಡಗಡ ಸದ್ದು ಮಾಡುವ ಯಂತ್ರವನ್ನು ನಂಬಿ ದೂರ ಹೋಗಲು ಯಾರಿಗೂ ಧೈರ್ಯವಿರಲಿಲ್ಲ. ಕಾರ್ಲ್ ಕೂಡ ಅಳುಕುತ್ತಿದ್ದ. ಹೀಗೇ ಬಿಟ್ಟರೆ ಹಾಕಿದ ಹಣ, ದುಡಿದ ವರ್ಷಗಳು ಎಲ್ಲ ಮಣ್ಣುಪಾಲು.

1888ರ ಆಗಸ್ಟ್ ತಿಂಗಳ ಒಂದು ಮುಂಜಾನೆ ಬರ್ತಾ ಗಂಡನಿಗೆ ತಿಳಿಸದೆ ಮನ್‌ಹೈಮ್ ಊರಿನಿಂದ ಗಾಡಿ ಹೊರಡಿಸಿಯೇ ಬಿಟ್ಟರು. ಜೊತೆಗೆ 15 ವರ್ಷದ ಆಯ್ಗನ್, 13 ವರ್ಷದ ರಿಚರ್ಡ್. ತವರೂರು ಇದ್ದದ್ದು 100 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ. ಅಷ್ಟು ದೂರ ಅದುವರೆಗೆ ಯಾವ ಮೋಟಾರು ಗಾಡಿಯೂ ಹೋಗಿರಲಿಲ್ಲ.

ಆಗ ಪೆಟ್ರೋಲ್ ಬಂಕುಗಳು ಎಲ್ಲಿದ್ದವು? ಇಂಧನ ಮುಗಿಯುತ್ತಾ ಬಂದಾಗ ವೀಸ್‌ಲೋಖ್ ಎಂಬಲ್ಲಿ ಔಷಧಿ ಅಂಗಡಿಗೆ ಹೋಗಿ, ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಎಂಬ ದ್ರವವನ್ನು ಕೊಂಡರು. ಗಾಡಿ ಓಡುತ್ತಿದ್ದದ್ದು ಅದರಿಂದಲೇ. ಎಂಜಿನ್ ತಣಿಸುವ ನೀರು ಆವಿಯಾಗಿ ಹೋಗುತ್ತಿತ್ತು. ದಾರಿಯುದ್ದಕ್ಕೂ ನೀರು ತುಂಬಿಸಬೇಕಾಯಿತು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಗೆ ಚುಚ್ಚಿದ್ದ ಉದ್ದನೆಯ ಪಿನ್ನಿನಿಂದ ಬಿಡಿಸಿದರು. ವಿದ್ಯುತ್ ತಂತಿಯ ಹೊದಿಕೆ ಸವೆದಿತ್ತು. ಅದಕ್ಕೆ ಕಾಲ್ಚೀಲ ಕಟ್ಟುವ ಪಟ್ಟಿಯನ್ನೇ ಸುತ್ತಿದರು! ಚೈನನ್ನು ಒಬ್ಬ ಕಮ್ಮಾರ ಸರಿಮಾಡಿಕೊಟ್ಟ. ಏರು ಬಂದಾಗ ಗಾಡಿಗೆ ಶಕ್ತಿ ಸಾಲದೆ ಹುಡುಗರು ಇಳಿದು ನೂಕಬೇಕಾಗಿತ್ತು.

ಏರಿಗಿಂತ ಭಯ ಹುಟ್ಟಿಸಿದ್ದು ಇಳಿಜಾರು. ಗಾಡಿಯ ಬ್ರೇಕ್ ಎಂದರೆ ಮರದ ತುಂಡುಗಳು. ಮತ್ತೆ ಮತ್ತೆ ತಿಕ್ಕಿ ಮರ ಸವೆದು ಹಿಡಿತ ತಪ್ಪತೊಡಗಿತು. ಗಾಡಿಯಲ್ಲಿ ಮಕ್ಕಳಿದ್ದಾರೆ, ಮುಂದೆ ಇನ್ನೂ ಗುಡ್ಡಗಳಿವೆ. ಬರ್ತಾ ಬೌಷ್‌ಲಾಟ್ ಎಂಬ ಹಳ್ಳಿಯಲ್ಲಿ ಚಪ್ಪಲಿ ಹೊಲಿಯುವವನನ್ನು ಹುಡುಕಿ ಆ ಮರದ ತುಂಡುಗಳಿಗೆ ಚರ್ಮ ಹೊಡೆಸಿದರು. ಚರ್ಮ ಮರಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಅದೂ ಸವೆಯುತ್ತದೆ, ನಿಜ. ಆದರೆ ಸವೆದರೆ ಚರ್ಮವನ್ನಷ್ಟೇ ಬದಲಿಸಿದರೆ ಸಾಕು, ಬ್ರೇಕ್ ಹಾಗೇ ಉಳಿಯುತ್ತದೆ. ನಿಮ್ಮ ಸೈಕಲ್ಲಿನ ಬ್ರೇಕ್ ರಬ್ಬರನ್ನು ಮುಟ್ಟಿ ನೋಡಿ, ಅಲ್ಲಿಯೂ ಇದೇ ಉಪಾಯ.

ಕತ್ತಲಾಗುವ ಹೊತ್ತಿಗೆ ತಾಯಿ ಮಕ್ಕಳು ಊರು ಮುಟ್ಟಿದರು. ಬಂದು ತಲುಪಿದೆವೆಂದು ಕಾರ್ಲ್‌ಗೆ ತಂತಿ ಹೋಯಿತು. ಕೆಲವು ದಿನಗಳ ನಂತರ ಅದೇ ಗಾಡಿಯಲ್ಲಿ ಹಿಂತಿರುಗಿದ ಬರ್ತಾ, ಏರು ಹತ್ತಲು ಇನ್ನೊಂದು ಗೇರ್ ಬೇಕೆಂದು ಗಂಡನಿಗೆ ಹೇಳಿದರು. ಗಾಡಿಯ ಸುದ್ದಿ ಊರೂರಿಗೆ ಹಬ್ಬಿತು. ನಿಧಾನವಾಗಿ ಕೊಳ್ಳುವವರೂ ಬಂದರು. ನನ್ನನ್ನು ಕೇಳಿದರೆ, ಆ ಪ್ರಯಾಣದಷ್ಟು ಒಳ್ಳೆಯ ಪರೀಕ್ಷೆಯನ್ನು ಯಾವ ಕಾರ್ಖಾನೆಯೂ ಮಾಡಿರಲಾರದು.

ಡಿಸ್ಕ್ ಬ್ರೇಕ್ ಬಂದದ್ದು ಆಮೇಲೆ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಅವರು ಬಳಸಿದ ತಾಮ್ರದ ಪದರ ಅಂದಿನ ಧೂಳಿನ ರಸ್ತೆಗಳಲ್ಲಿ ಬೇಗ ಸವೆದುಹೋಗುತ್ತಿತ್ತು. 1953ರಲ್ಲಿ ಫ್ರಾನ್ಸಿನ ಲೆ ಮಾನ್ಸ್ ಓಟದಲ್ಲಿ ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಗೆದ್ದ ಮೇಲೆ ಎಲ್ಲರೂ ಅದರತ್ತ ತಿರುಗಿದರು. ಈ ನಡುವೆ ಪದರಕ್ಕೆ ಕಲ್ನಾರನ್ನು ಬಹಳ ಕಾಲ ಬಳಸಲಾಯಿತು. ಅದರ ಧೂಳು ಶ್ವಾಸಕೋಶಕ್ಕೆ ಅಪಾಯವೆಂದು ತಿಳಿದ ಮೇಲೆ ಅನೇಕ ದೇಶಗಳು ಅದನ್ನು ಕೈಬಿಟ್ಟವು. ಬ್ರೇಕಿನ ಧೂಳನ್ನು ಬಾಯಿಂದ ಊದಬಾರದು ಎನ್ನುವುದು ಇದಕ್ಕೇ.

ಕಾರ್ಲ್ 1929ರಲ್ಲಿ ತೀರಿಕೊಂಡರು. ಬರ್ತಾ 1944ರ ಮೇ 5ರಂದು, ತಮ್ಮ 95ನೆಯ ಹುಟ್ಟುಹಬ್ಬ ಕಳೆದ ಎರಡೇ ದಿನಕ್ಕೆ, ಲಾಡನ್‌ಬುರ್ಗ್ ಊರಿನ ಮನೆಯಲ್ಲಿ ಕಣ್ಣುಮುಚ್ಚಿದರು. ಅವರು ಗಾಡಿ ಓಡಿಸಿದ ದಾರಿಯನ್ನು 2008ರಲ್ಲಿ ಅವರ ಹೆಸರಿನ ಸ್ಮಾರಕ ಮಾರ್ಗವಾಗಿ ಗುರುತಿಸಲಾಯಿತು. ವೀಸ್‌ಲೋಖ್‌ನ ಆ ಔಷಧಿ ಅಂಗಡಿ, ಬೌಷ್‌ಲಾಟ್ ಹಳ್ಳಿ ಎರಡೂ ಆ ದಾರಿಯಲ್ಲೇ ಸಿಗುತ್ತವೆ.