ಅಡಗಿದ ಶಾಖ ಕಂಡುಹಿಡಿದ ಜೋಸೆಫ್ ಬ್ಲ್ಯಾಕ್



ಹೋದ ತಿಂಗಳು ಅನ್ನದ ಪಾತ್ರೆಯ ಮುಚ್ಚಳ ತೆಗೆಯೋಕೆ ಹೋಗಿ ನಾನು ಕೈ ಸುಟ್ಟುಕೊಂಡೆ. ನೀರು ಬಿದ್ದಿರಲಿಲ್ಲ, ಬರೀ ಹಬೆ ತಾಗಿತ್ತು. ಆದರೂ ಬೊಬ್ಬೆ ಎದ್ದವು. ಕುದಿಯೋ ನೀರೂ 100 ಡಿಗ್ರಿ, ಹಬೆಯೂ 100 ಡಿಗ್ರಿ ಅಂತ ಓದಿದ್ದೆ. ಹಾಗಾದರೆ ಹಬೆ ಯಾಕೆ ಜಾಸ್ತಿ ಸುಡುತ್ತೆ? ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಜೋಸೆಫ್ ಬ್ಲ್ಯಾಕ್ ಅವರ ಕಥೆ ಹೇಳಿದರು.

ಬ್ಲ್ಯಾಕ್ 1728ರಲ್ಲಿ ಫ್ರಾನ್ಸ್ ದೇಶದ ಬೋರ್ಡೋ ಊರಿನಲ್ಲಿ ಹುಟ್ಟಿದರು. ತಂದೆ ದ್ರಾಕ್ಷಾರಸದ ವ್ಯಾಪಾರಿ. ಬ್ಲ್ಯಾಕ್ ಸ್ಕಾಟ್ಲೆಂಡಿನಲ್ಲಿ ವೈದ್ಯ ವಿದ್ಯೆ ಕಲಿತು, 1756ರಲ್ಲಿ ಗ್ಲಾಸ್ಗೋದಲ್ಲಿ ಪ್ರೊಫೆಸರ್ ಆದರು.

ಅವರು ಒಂದು ಪಾತ್ರೆಯಲ್ಲಿ ಮಂಜುಗಡ್ಡೆ, ಇನ್ನೊಂದರಲ್ಲಿ ಅಷ್ಟೇ ತೂಕದ ತಣ್ಣನೆಯ ನೀರು ಇಟ್ಟರು. ನೀರು ಅರ್ಧ ಗಂಟೆಯಲ್ಲಿ ಏರಿದಷ್ಟು ಬಿಸಿಗೆ ಬರಲು ಮಂಜುಗಡ್ಡೆಗೆ ಹತ್ತೂವರೆ ಗಂಟೆ ಬೇಕಾಯಿತು! 1762ರಲ್ಲಿ ಕಾದ ಒಲೆಯ ಮೇಲೆ ತಗಡಿನ ಪಾತ್ರೆಯಲ್ಲಿ ನೀರಿಟ್ಟರು. 4 ನಿಮಿಷಕ್ಕೆ ಕುದಿ ಬಂತು. ಆದರೆ ಎಲ್ಲಾ ಆವಿಯಾಗಿ ಹೋಗಲು ಸುಮಾರು 20 ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಬೆಂಕಿ ಉರಿಯುತ್ತಲೇ ಇತ್ತು, ನೀರಿನ ಬಿಸಿ ಮಾತ್ರ ಏರಲಿಲ್ಲ.

ಆ ಶಾಖ ಎಲ್ಲಿ ಹೋಯಿತು? ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗಿ, ಆವಿಯೊಳಗೆ ಅಡಗಿತು. ಇದೇ ಗುಪ್ತೋಷ್ಣ. 1 ಗ್ರಾಂ ನೀರನ್ನು 0 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು 100 ಕ್ಯಾಲೊರಿ ಸಾಕು. ಅದನ್ನು ಆವಿ ಮಾಡಲು ಇನ್ನೂ ಸುಮಾರು 540 ಕ್ಯಾಲೊರಿ ಬೇಕು. ಹಬೆ ನನ್ನ ಕೈಗೆ ತಾಗಿ ನೀರಾದಾಗ, ಅಡಗಿದ್ದ ಆ ಶಾಖವನ್ನೆಲ್ಲಾ ಕೈಗೇ ಕೊಟ್ಟಿತು!

ನೀರು ಕುದಿಯದೆ ಆವಿಯಾದರೂ ಶಾಖ ಬೇಕೇ ಬೇಕು. ನಮ್ಮ ಸಾಸ್ವೆಹಳ್ಳಿಯಲ್ಲಿ ಬೇಸಿಗೆಗೆ ಮಣ್ಣಿನ ಗಡಿಗೆ ಇಡುತ್ತೇವಲ್ಲ, ಅದರ ಮೈಯಿಂದ ಜಿನುಗಿದ ನೀರು ಒಳಗಿನ ನೀರಿನ ಶಾಖ ತಗೊಂಡು ಆವಿಯಾಗುತ್ತೆ. ಅದಕ್ಕೇ ಗಡಿಗೆ ನೀರು ತಣ್ಣಗೆ.

ಉಗಿ ಯಂತ್ರವನ್ನು ಸುಧಾರಿಸಿದ ಜೇಮ್ಸ್ ವ್ಯಾಟ್ ಆಗ ಅದೇ ಕಾಲೇಜಿನಲ್ಲಿ ಉಪಕರಣ ರಿಪೇರಿ ಮಾಡುತ್ತಿದ್ದರು. ಸ್ವಲ್ಪ ಉಗಿ ಅಷ್ಟೊಂದು ತಣ್ಣೀರನ್ನು ಕಾಯಿಸುವುದು ನೋಡಿ ಅವರಿಗೆ ಆಶ್ಚರ್ಯವಾಯಿತು. ಕಾರಣ ತಿಳಿಸಿದವರು ಬ್ಲ್ಯಾಕ್. ಹಣದ ಸಹಾಯವನ್ನೂ ಮಾಡಿದರು.

1799ರಲ್ಲಿ ಬ್ಲ್ಯಾಕ್ ಕುಳಿತಲ್ಲೇ ಶಾಂತವಾಗಿ ತೀರಿಕೊಂಡರು. ತೊಡೆಯ ಮೇಲಿದ್ದ ಹಾಲಿನ ಲೋಟ ಚೆಲ್ಲಿರಲಿಲ್ಲವಂತೆ. ಅವರ ಪಾಠಗಳು ಪುಸ್ತಕವಾಗಿ ಬಂದದ್ದು 1803ರಲ್ಲಿ.

ಇದನ್ನು ತಿಳಿದ ಮೇಲೆ ನಾನು ಅವ್ವನಿಗೆ ಹೇಳಿದೆ, ಕುದಿ ಬಂದ ಮೇಲೆ ಉರಿ ಜೋರು ಮಾಡಿದರೆ ಅನ್ನ ಬೇಗ ಬೇಯಲ್ಲ, ನೀರು ಬೇಗ ಹಾರುತ್ತೆ ಅಷ್ಟೇ ಅಂತ. ಅವ್ವ ನಂಬಲಿಲ್ಲ. ಮಾರನೇ ದಿನ ಕುದಿ ಬಂದ ಮೇಲೆ ಎರಡು ಕಟ್ಟಿಗೆ ಹಿಂದಕ್ಕೆಳೆದು ನೋಡಿದಳು. ಅನ್ನ ಎಂದಿನ ಹೊತ್ತಿಗೇ ಬೆಂತು. ಈಗ ದಿನಾ ಹಾಗೇ ಮಾಡುತ್ತಾಳೆ.

ಸ್ನೇಹಿತರೇ, ಮುಚ್ಚಳ ತೆಗೆಯುವಾಗ ಮುಖ ದೂರ ಇರಲಿ. ಹಬೆ ತಾಗಿದರೆ ಕೂಡಲೇ ತಣ್ಣೀರು ಹಾಕಿ.

— 7ನೇ ತರಗತಿ ವಿದ್ಯಾರ್ಥಿನಿ