ಅರಮನೆಯ ದೇವರನ್ನು ಮನೆ ಮನೆಗೆ ತಲುಪಿಸಿದ ರಾಜಾ ರವಿವರ್ಮ

ಹೋಟೇಲಿನ ಗಲ್ಲಾಪೆಟ್ಟಿಗೆಯ ಮೇಲ್ಗಡೆ ಕಮಲದ ಮೇಲೆ ನಿಂತ ಲಕ್ಷ್ಮಿ, ಮಕ್ಕಳು ಓದುವ ಜಾಗದಲ್ಲಿ ವೀಣೆ ಹಿಡಿದ ಸರಸ್ವತಿ. ಮುಂಬಯಿಯ ಚಾಳ್‌ಗಳಿಂದ ಹಿಡಿದು ಬಹುಮಹಡಿ ಕಟ್ಟಡಗಳವರೆಗೆ ಇಂತಹ ಒಂದಾದರೂ ಚಿತ್ರವಿಲ್ಲದ ಕನ್ನಡಿಗರ ಮನೆ ಅಪರೂಪ. ದೇವಿಯರಿಗೆ ಸೀರೆ ಉಡಿಸಿ, ಮನೆಮಗಳ ಮುಖಭಾವ ನೀಡಿ, ಆ ರೂಪವನ್ನು ಜನಮನದಲ್ಲಿ ನೆಲೆಗೊಳಿಸಿದವರು ಖ್ಯಾತ ಚಿತ್ರಕಲಾವಿದ ರಾಜಾ ರವಿವರ್ಮ. ಅರಮನೆಗಳಲ್ಲಿ ಕೀರ್ತಿ ಗಳಿಸಿದ ಅವರು ತಮ್ಮ ಚಿತ್ರಗಳನ್ನು ಜನಸಾಮಾನ್ಯರಿಗೆ ತಲುಪಿಸಲು ಆರಿಸಿಕೊಂಡದ್ದು ಮುಂಬಯಿ ಮಹಾನಗರವನ್ನು. ಆ ಸಾಹಸಕ್ಕೆ ಅವರು ತೆತ್ತ ಬೆಲೆಯೂ ಸಣ್ಣದಲ್ಲ.

ರವಿವರ್ಮ ಅವರು ಜನಿಸಿದ್ದು 1848ರ ಎಪ್ರಿಲ್ 29ರಂದು, ತಿರುವಾಂಕೂರು ಸಂಸ್ಥಾನದ ಕಿಳಿಮಾನೂರಿನಲ್ಲಿ. ತಂದೆ ಸಂಸ್ಕೃತ ವಿದ್ವಾಂಸರು, ತಾಯಿ ಕವಯಿತ್ರಿ. ಸೋದರಮಾವ ರಾಜರಾಜ ವರ್ಮ ಸ್ವತಃ ಚಿತ್ರಕಾರರಾಗಿದ್ದು, ಬಾಲಕನ ಪ್ರತಿಭೆಯನ್ನು ಗುರುತಿಸಿ 14ನೇ ವಯಸ್ಸಿನಲ್ಲಿ ತಿರುವನಂತಪುರದ ಅರಮನೆಗೆ ಕರೆದೊಯ್ದರು. ಮಹಾರಾಜ ಆಯಿಲ್ಯಂ ತಿರುನಾಳ್ ಆಶ್ರಯ ನೀಡಿದರೂ ತೈಲವರ್ಣದ ಗುಟ್ಟನ್ನು ಹೇಳಿಕೊಡುವವರು ಸಿಗಲಿಲ್ಲ. ಆಸ್ಥಾನದ ಚಿತ್ರಕಾರರು ಕಲಿಸಲು ಒಪ್ಪಲಿಲ್ಲ. 1868ರಲ್ಲಿ ಅರಮನೆಗೆ ಬಂದ ಯುರೋಪಿನ ಕಲಾವಿದ ಥಿಯೋಡರ್ ಜೆನ್ಸನ್ ತಾವು ಚಿತ್ರ ಬರೆಯುವುದನ್ನು ನೋಡಲಷ್ಟೇ ಅನುಮತಿ ಕೊಟ್ಟರು. ಹೀಗೆ ನೋಡಿ ನೋಡಿಯೇ ಕಲಿತ ವಿದ್ಯೆ ಅವರದು.

ಕರಾವಳಿಯವರಿಗೆ ಹೆಮ್ಮೆ ತರುವ ಸಂಗತಿಯೊಂದನ್ನು ಅವರ ಜೀವನಚರಿತ್ರೆಗಳು ದಾಖಲಿಸಿವೆ. ಚಿತ್ರಕಲೆಯನ್ನೇ ವೃತ್ತಿಯಾಗಿ ಸ್ವೀಕರಿಸುವ ಮುನ್ನ, 1870ರ ಸುಮಾರಿಗೆ, ಅವರು ಕೊಲ್ಲೂರಿಗೆ ಬಂದು ಶ್ರೀ ಮೂಕಾಂಬಿಕೆಯ ಸನ್ನಿಧಿಯಲ್ಲಿ 41 ದಿನಗಳ ವ್ರತ ಕೈಗೊಂಡರು. ಮರಳುವ ದಾರಿಯಲ್ಲಿ ಕಲ್ಲಿಕೋಟೆಯಲ್ಲಿ ಸಂಭಾವನೆ ಪಡೆದು ಚಿತ್ರಿಸುವ ಮೊದಲ ಅವಕಾಶ ಒದಗಿತು. 1873ರಲ್ಲಿ ಮದ್ರಾಸಿನ ಪ್ರದರ್ಶನದಲ್ಲಿ ಚಿನ್ನದ ಪದಕ, ಅನಂತರ ವಿಯೆನ್ನಾದಲ್ಲಿ ಪುರಸ್ಕಾರ, 1893ರಲ್ಲಿ ಶಿಕಾಗೋದಲ್ಲೂ ಪದಕಗಳು ಅವರನ್ನು ಅರಸಿ ಬಂದವು.

ಪುರಾಣದ ಕಥೆಗಳಿಗೆ ಕಣ್ಣೆದುರಿನ ಮನುಷ್ಯರ ರೂಪ ಕೊಟ್ಟದ್ದು ರವಿವರ್ಮ ಅವರ ದೊಡ್ಡ ಕೊಡುಗೆ. 1888ರಲ್ಲಿ ಬರೋಡಾದ ಸಯಾಜಿರಾವ್ ಗಾಯಕ್ವಾಡ್ ಮಹಾರಾಜರು ರಾಮಾಯಣ, ಮಹಾಭಾರತ ಹಾಗೂ ಪುರಾಣಗಳನ್ನು ಆಧರಿಸಿದ 14 ಚಿತ್ರಗಳನ್ನು ಬರೆದುಕೊಡುವಂತೆ ಕೋರಿದರು. ದೇಶದ ಎಲ್ಲ ಭಾಗದವರೂ ತಮ್ಮವರೆಂದು ಒಪ್ಪುವ ಉಡುಗೆಯನ್ನು ಸೀತೆ, ದಮಯಂತಿಯರಿಗೆ ಹೇಗೆ ತೊಡಿಸುವುದೆಂಬ ಪ್ರಶ್ನೆಗೆ ಉತ್ತರ ಹುಡುಕುತ್ತಾ ತಮ್ಮ ಸಿ. ರಾಜರಾಜ ವರ್ಮ ಅವರೊಂದಿಗೆ ಉತ್ತರ ಭಾರತ ಸುತ್ತಿದರು. ಕೊನೆಗೆ ಆರಿಸಿಕೊಂಡದ್ದು ಸೀರೆಯನ್ನು. ಆ ಚಿತ್ರಗಳನ್ನು ಸಾರ್ವಜನಿಕರಿಗೆ ತೆರೆದಿಟ್ಟಾಗ ಜನ ಮುಗಿಬಿದ್ದು ನೋಡಿದರು.

ಆದರೆ ಪ್ರದರ್ಶನ ಮುಗಿದೊಡನೆ ಚಿತ್ರಗಳು ಅರಮನೆಯ ಗೋಡೆ ಸೇರುತ್ತಿದ್ದವು. ದೇವಾಲಯದ ಬಾಗಿಲೇ ಅನೇಕ ಜಾತಿಗಳವರಿಗೆ ಮುಚ್ಚಿದ್ದ ಕಾಲವದು. ಚಿತ್ರಗಳ ಮುದ್ರಿತ ಪ್ರತಿಗಳನ್ನು ಹೊರತರಬೇಕೆಂದು ತಿರುವಾಂಕೂರು ಹಾಗೂ ಬರೋಡಾಗಳಲ್ಲಿ ದಿವಾನರಾಗಿದ್ದ ಸರ್ ಟಿ. ಮಾಧವರಾಯರು ಮೊದಲೇ ಸಲಹೆ ನೀಡಿದ್ದರು. ಅದರಂತೆ 1894ರಲ್ಲಿ ಮುಂಬಯಿಯ ಘಾಟ್ಕೋಪರ್‌ನಲ್ಲಿ ರವಿವರ್ಮ ಮುದ್ರಣಾಲಯ ಆರಂಭವಾಯಿತು. ಯಂತ್ರಗಳೂ ತಂತ್ರಜ್ಞರೂ ಜರ್ಮನಿಯಿಂದ ಬಂದರು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲಿನ ಮೇಲೆ ಚಿತ್ರ ಮೂಡಿಸಿ, ಒಂದರ ಮೇಲೊಂದು ಬಣ್ಣ ಒತ್ತಿ ಅಚ್ಚು ತೆಗೆಯುವ ಶ್ರಮದ ಕೆಲಸವದು. ಮೊದಲು ಹೊರಬಂದ ಚಿತ್ರ ಶಕುಂತಲೆಯ ಜನನ. ಬಳಿಕ ಲಕ್ಷ್ಮಿ, ಸರಸ್ವತಿಯರ ಅಚ್ಚುಗಳು ಮನೆ ಮನೆಯ ದೇವರ ಗೂಡು ಸೇರಿದವು. ಗುಡಿಗೆ ಪ್ರವೇಶವಿಲ್ಲದವರೂ ತಮ್ಮ ಮನೆಯಲ್ಲೇ ದೇವರ ಮುಖ ನೋಡುವಂತಾಯಿತು.

ಜನ ಮೆಚ್ಚಿದರೂ ಲೆಕ್ಕ ಕೂಡಿಬರಲಿಲ್ಲ. 1896ರಲ್ಲಿ ಮುಂಬಯಿಗೆ ಬಡಿದ ಪ್ಲೇಗ್ ಉದ್ಯಮಕ್ಕೂ ಹೊಡೆತ ಕೊಟ್ಟಿತು. ಮುದ್ರಣಾಲಯವನ್ನು ಲೋನಾವಳ ಸಮೀಪದ ಮಳವಳಿಗೆ ಸ್ಥಳಾಂತರಿಸಿದರೂ ಸಾಲದ ಹೊರೆ ತಗ್ಗಲಿಲ್ಲ. ಕೊನೆಗೆ 20ನೇ ಶತಮಾನದ ಆರಂಭದಲ್ಲಿ ಅದನ್ನು ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಷರ್ ಅವರಿಗೆ ಮಾರಿಬಿಟ್ಟರು. ಚಿತ್ರಗಳನ್ನು ಅಚ್ಚು ಹಾಕುವ ಹಕ್ಕೂ ಕೈಬಿಟ್ಟಿತು. ಮುಂದೆ ದಶಕಗಳ ಕಾಲ ಪ್ರತಿಗಳು ಮಾರಾಟವಾದವು, ಲಾಭ ಮಾತ್ರ ಬೇರೆಯವರ ಪಾಲಾಯಿತು. 1972ರಲ್ಲಿ ಆ ಮುದ್ರಣಾಲಯ ಬೆಂಕಿಗೆ ಆಹುತಿಯಾಯಿತು.

ಮೈಸೂರಿನೊಂದಿಗೂ ರವಿವರ್ಮ ಅವರಿಗೆ ಆಪ್ತ ನಂಟಿತ್ತು. 1885ರಲ್ಲೇ ಚಾಮರಾಜೇಂದ್ರ ಒಡೆಯರ ಆಹ್ವಾನದ ಮೇರೆಗೆ ಅಲ್ಲಿ ಭಾವಚಿತ್ರಗಳನ್ನು ಬರೆದಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರು ಹೊಸ ಅರಮನೆಗಾಗಿ ಪುರಾಣದ ಒಂಬತ್ತು ಚಿತ್ರಗಳನ್ನು ಕೋರಿದರು. ಆ ಕೆಲಸ ಸಾಗುತ್ತಿದ್ದಾಗಲೇ, 1905ರ ಜನವರಿಯಲ್ಲಿ, ಜೀವನದುದ್ದಕ್ಕೂ ಜೊತೆಗಿದ್ದು ದುಡಿದ ತಮ್ಮ ತೀರಿಕೊಂಡರು. ಆ ದುಃಖದಲ್ಲೂ ಮಧುಮೇಹದ ಬಾಧೆಯಲ್ಲೂ ಕುಂಚ ಹಿಡಿದ ರವಿವರ್ಮ 1906ರ ಅಕ್ಟೋಬರ್ 2ರಂದು ಕಣ್ಮುಚ್ಚಿದರು. ಅವರ ಕೃತಿಗಳನ್ನು ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆ ಜೋಪಾನ ಮಾಡಿಕೊಂಡು ಬಂದಿದೆ.

ಪಾಶ್ಚಾತ್ಯ ಶೈಲಿಯ ಅನುಕರಣೆ, ದೇವತೆಗಳು ನಾಟಕದ ಪಾತ್ರಧಾರಿಗಳಂತೆ ಕಾಣುತ್ತಾರೆ ಎಂಬ ಟೀಕೆಗಳು ಬಂಗಾಳದ ಕಲಾವಲಯದಿಂದ ಕೇಳಿಬಂದವು. ಆ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಅವರ ಪ್ರಭಾವವನ್ನು ಅಲ್ಲಗಳೆಯಲಾಗದು. ಭಾರತೀಯ ಚಲನಚಿತ್ರದ ಪಿತಾಮಹ ದಾದಾಸಾಹೇಬ್ ಫಾಲ್ಕೆ ಅವರೂ ಸಿನೆಮಾಕ್ಕೆ ಬರುವ ಮುನ್ನ ಈ ಮುದ್ರಣಾಲಯಕ್ಕಾಗಿ ದುಡಿದವರೇ. 1979ರಲ್ಲಿ ಭಾರತ ಸರಕಾರ ರವಿವರ್ಮ ಅವರ ಕೃತಿಗಳನ್ನು ರಾಷ್ಟ್ರೀಯ ಕಲಾಸಂಪತ್ತೆಂದು ಘೋಷಿಸಿತು.

ನವರಾತ್ರಿಯಲ್ಲಿ ಶಾರದೆಯ ಚಿತ್ರಕ್ಕೆ ಹೂಮಾಲೆ ಹಾಕಿ ದೀಪ ಬೆಳಗುವಾಗ ಚಿತ್ರ ಬರೆದವರ ಹೆಸರು ಯಾರಿಗೂ ನೆನಪಾಗದಿರಬಹುದು. ತನ್ನ ಗಳಿಕೆ ಕಳೆದುಕೊಂಡು ಆ ರೂಪವನ್ನು ಎಲ್ಲರ ಮನೆಗೆ ತಲುಪಿಸಿದ ಕಲಾವಿದನಿಗೂ ಆ ದೀಪದ ಬೆಳಕಿನಲ್ಲಿ ಒಂದು ಪಾಲಿದೆ.